ಮೂರನೇ ಬೆಲ್ಲಿಗೆ ಮುನ್ನ

ಆರೂವರೆಗೆ ಬಾಗಿಲು ತೆಗೀತಾರೆ.
ಆರು ಇಪ್ಪತ್ತೊಂಬತ್ತಕ್ಕೇ ನನ್ನ ಕೊಳಲು ಶುರು,
ಖಾಲಿ ಕುರ್ಚಿಗಳ ಮುಂದೆ ಒಂದು ನಿಮಿಷ.
ಮೊದಲು ಒಳಗೆ ಬಂದವನಿಗೆ
ತಾನೇ ಮೊದಲು ಬಂದೆ ಅನ್ನಿಸಬಾರದು.

ಖಲೀಲಣ್ಣ ಕಲಿಸಿದ ಪಾಠ ಇದು.
ಹಗಲು ಮಂಡಿ ಮೊಹಲ್ಲಾದಲ್ಲಿ ರೇಡಿಯೊ ರಿಪೇರಿ,
ಸಂಜೆಯಾದರೆ ರಂಗಮಂದಿರದ ಈ ಗೂಡು:
ಮೊದಲು ಸ್ಪೂಲು, ಆಮೇಲೆ ಕ್ಯಾಸೆಟ್ಟು,
ಕೊನೆಗೆ ಬೈಕೊಂಡು ಬೈಕೊಂಡೇ ಲ್ಯಾಪ್‌ಟಾಪು.
“ಪಾತ್ರದವರಿಗೆ ಚಪ್ಪಾಳೆ, ಲೈಟಿನವರಿಗೆ ನಮಸ್ಕಾರ.
ನಮ್ಮನ್ನ ಯಾರೂ ಕೇಳಿಸಿಕೊಳ್ಳಲೇ ಇಲ್ಲ ಅಂದ್ರೆ
ಕೆಲಸ ಚೆನ್ನಾಗಾಯ್ತು ಅಂತ ತಿಳ್ಕೊ.”

ಹಾಡು ಬೇಡ. ಮಾತಿದ್ದರೆ
ನಾಟಕದ ಮೊದಲ ಮಾತು ಎಂಜಲಾಗುತ್ತೆ.
ವೀಣೆಯಂತೂ ಬೇಡವೇ ಬೇಡ, ಇದು ಮೈಸೂರು:
ಆರನೇ ಸಾಲಿನ ಶಾಲು ರಾಗದ ಹೆಸರು ಹೇಳುತ್ತೆ,
ಏಳನೇ ಸಾಲಿನ ಮಫ್ಲರು ಅಲ್ಲ ಅನ್ನುತ್ತೆ,
ಪರದೆ ಎದ್ದರೂ ಜಗಳ ಇಳಿಯಲ್ಲ.

ಜನ ಸದ್ದು ತಿಂತಾರೆ.
ಡಿಸೆಂಬರಿನಲ್ಲಿ ಹಸಿವು ಜಾಸ್ತಿ, ಸ್ವೆಟರಿನ ಹಸಿವು, ಉಣ್ಣೆಯ ಹಸಿವು.
ಸಾಲು ತುಂಬಿದ ಹಾಗೆ ಕೂದಲೆಳೆಯಷ್ಟು ಏರಿಸು.
ಪಕ್ಕದವರ ಮಾತು ಕೇಳಬೇಕು,
ಅದರಾಚೆಯವರದು ಕೇಳಬಾರದು.
ಅಷ್ಟೇ ಅಳತೆ.

ಫೋನನ್ನ ಯಾವತ್ತೂ ಸಿಗಿಸಬೇಡ.
ಒಂದು ಸಲ ಸಿಗಿಸಿದ್ದೆ.
ನಮ್ಮತ್ತೆಯ ಮೆಸೇಜು ಇಡೀ ಸಭಾಂಗಣಕ್ಕೆ ಟಣ್ ಅಂತು,
ಬೆಲ್ಲೇ ಇರಬೇಕೆಂದು ದೇವಿಕಾ ಲೈಟು ಹಾಕಿಯೇಬಿಟ್ಟಳು.
ರಂಗದ ನಡುವೆ ಮಹಾರಾಜ,
ಹಲ್ಲಲ್ಲಿ ಅಂಗವಸ್ತ್ರ ಕಚ್ಚಿಕೊಂಡು ಕಚ್ಚೆ ಸಿಗಿಸುತ್ತ.

ಇವತ್ತು ಎರಡನೇ ಬೆಲ್ ಆಯಿತು.
ಹೆಡ್‌ಫೋನಿನಲ್ಲಿ ತುಳಸಿ ಮೇಡಂ ಪಿಸುಗುಟ್ಟಿದರು:
“ಎಳಿ. ಬಸವಣ್ಣಯ್ಯ ಇನ್ನೂ ಬಂದಿಲ್ಲ.
ಕಡಕೊಳದ ಹತ್ತಿರ ರೈಲ್ವೆ ಗೇಟು ಹಾಕಿದೆಯಂತೆ.”

ಎಳಿ ಅಂದರೆ ಎಷ್ಟು?
ಮೂವತ್ತೆಂಟು ನಿಮಿಷದ ಪಟ್ಟಿ, ಉಳಿದದ್ದು ನಾಲ್ಕು.
ಅದೇ ಕೊಳಲು ಮತ್ತೆ ಬಂದರೆ
ಜನ ಗಡಿಯಾರ ನೋಡುತ್ತಾರೆ.
ಸಾರಂಗಿ ಕೈಗೆ ಸಿಕ್ಕಿತು. ಬೇಡ,
ಯಾವ ಮಂತ್ರಿ ಹೋದರೋ ಅಂತ ಗಾಬರಿಯಾಗುತ್ತಾರೆ.
ಮೌನ ಬಿಟ್ಟೆನೋ, ಮುಗೀತು:
ಇನ್ನೂರು ಜನಕ್ಕೆ ಒಟ್ಟಿಗೇ ಕೆಮ್ಮು ಬರುತ್ತೆ.

ಹಳೆಯ ಫೋಲ್ಡರುಗಳಲ್ಲಿ ತಡಕಾಡಿದೆ.
ಬೆರಳು ಜಾರಿತು.
‘ಪರೀಕ್ಷೆ ೩’, ಯಾವುದೋ ಕ್ಯಾಸೆಟ್ಟಿನಿಂದ ಇಳಿಸಿಟ್ಟದ್ದು.

ಮೊದಲು ಕೆಮ್ಮು. ಬೀಡಿಯ ಕೆಮ್ಮು.
ಆಮೇಲೆ, ಎರಡು ವರ್ಷದಿಂದ ಮಣ್ಣಿನಡಿ ಇರುವ ದನಿ
ಎರಡೂ ಸ್ಪೀಕರಿನಿಂದ:
“ಒಂದು. ಎರಡು. ಮೂರು.
ಮೂರನೇ ಸಾಲಿಗೆ ಕೇಳ್ತಾ ಇದೆಯಾ?”

ಮಾತೆಲ್ಲ ನಿಂತವು.
ಮೂರನೇ ಸಾಲಿನಲ್ಲಿ ಹುರಿಗಡಲೆ ತಿನ್ನುತ್ತಿದ್ದ ಅಜ್ಜಿ
ಪೊಟ್ಟಣ ಮಡಿಚಿ
“ಕೇಳ್ತಾ ಇದೆ ಕಣಪ್ಪ” ಅಂದರು.

ನಗು. ನಾಟಕ ಶುರುವಾಯಿತೆಂದು
ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತರು.
ಖಲೀಲಣ್ಣ ಕಾಯುತ್ತಿದ್ದ. ಅವನ ಅಭ್ಯಾಸ,
ಉತ್ತರಕ್ಕೆಂದು ಹತ್ತು ಸೆಕೆಂಡು ಬಿಡುವುದು.
ಆ ಹತ್ತರೊಳಗೆ ಫ್ಯಾನಿನ ಕಿರುಗುಟ್ಟು,
ಎಂದಿನದೋ ಸಂಜೆಯ ಒಂದು ಆಟೋ,
ದೂರದಿಂದ, ಮೀಸೆ ಮೂಡದ ನನ್ನದೇ ದನಿ:
“ಸ್ವಲ್ಪ ಜಾಸ್ತಿ, ಅಣ್ಣ.”
“ಸರಿ,” ಅಂದ ಅವನು. ಕಡಿಮೆ ಮಾಡಿದ.

ನಾನೂ ಅವನ ಜೊತೆಯಲ್ಲೇ ಫೇಡರ್ ಇಳಿಸಿದೆ.

“ಏನೋ ಅದು, ಪಟ್ಟಿಯಲ್ಲಿತ್ತಾ?” ತುಳಸಿ ಮೇಡಂ.
ಇರಲಿಲ್ಲ ಅನ್ನುವಷ್ಟರಲ್ಲಿ
ಹಿಂಬಾಗಿಲ ಹತ್ತಿರ ಬೈಕು ನಿಂತಿತು,
ಯಾರೋ ಚಪ್ಪಲಿ ಬಿಟ್ಟು ಓಡಿದರು.

ಖಲೀಲಣ್ಣ, ಇವತ್ತು ನಿನ್ನ ಕೇಳಿಸಿಕೊಂಡರು.
ಬೈಬೇಡ.

ಬೆಲ್ಲು.
ದೇವಿಕಾ, ಕತ್ತಲೆ ಕೊಡು.